ಪರದೇಶದ ಪೇಟೆಯಲ್ಲಿ ಮೀನುತೊಟ್ಟಿಯ ಸಲಕರಣೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಊರುಗಳಲ್ಲಿ ಮನೆಯವರೋ ನೆಂಟರೋ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ಕುಟುಂಬಗಳು ಬಹಳ. 2006ರಲ್ಲಿ ಬಜ್ಪೆಯ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಹೋಗಿಬರುವುದು ಇನ್ನಷ್ಟು ಸುಲಭವಾಗಿದೆ. ರಜೆಗೆ ಊರಿಗೆ ಹೊರಟ ಮಾವ ಫೋನು ಮಾಡಿ, “ನಿನಗೆ ಏನು ತರಬೇಕು ಮಾರಾಯ?” ಎಂದು ಕೇಳುತ್ತಾರೆ. ಮನೆಯಲ್ಲಿ ಬಣ್ಣದ ಮೀನು ಸಾಕಿದ ಹುಡುಗ “ಒಳ್ಳೆಯ ಫಿಲ್ಟರು ತನ್ನಿ” ಎನ್ನುತ್ತಾನೆ. ಆದರೆ ಯಾವ ಫಿಲ್ಟರು? ಎಂಥ ಪಂಪು? ಉತ್ತರ ಸರಿಯಿಲ್ಲದಿದ್ದರೆ ಹಣವೂ ಹೋಗುತ್ತದೆ, ಮೀನೂ ಸಾಯುತ್ತದೆ. ಅದನ್ನೇ ಇಂದು ವಿಚಾರ ಮಾಡೋಣ.

ಮೊದಲನೆಯದು ವಿದ್ಯುತ್ತಿನ ವಿಷಯ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ದುಬೈ, ಬಹರೈನ್, ಸಿಂಗಾಪುರಗಳಲ್ಲೂ ಹೆಚ್ಚು ಕಡಿಮೆ ಇದೇ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಈ ವ್ಯತ್ಯಾಸದ ಪರಿಣಾಮ ಏನು? ನೀರು ಬಿಸಿಮಾಡುವ ಹೀಟರನ್ನೇ ತೆಗೆದುಕೊಳ್ಳಿ. ಅದು ಬಳಸುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಅಮೆರಿಕದ 100 ವಾಟ್ ಹೀಟರನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಅದು ಸುಮಾರು 367 ವಾಟ್ ಎಳೆದುಕೊಂಡು ಸುಟ್ಟುಹೋಗುತ್ತದೆ. ಗಾಜಿನ ಕೊಳವೆ ಒಡೆದರೆ ನೀರಿಗೇ ವಿದ್ಯುತ್ ಹರಿಯುವ ಅಪಾಯವೂ ಇದೆ.

ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜು ಇಳಿಸಬಹುದಲ್ಲ ಎಂದು ನೀವು ಕೇಳಬಹುದು. ಇಳಿಸಬಹುದು, ಆದರೆ ಅದರಿಂದ ಹರ್ಟ್ಸ್ ಬದಲಾಗದು. ಮೀನುತೊಟ್ಟಿಯ ಸಾಮಾನ್ಯ ಪಂಪುಗಳಲ್ಲಿ ಆಯಸ್ಕಾಂತದ ಗಾಲಿ ವಿದ್ಯುತ್ತಿನ ಆವರ್ತನಕ್ಕೆ ಸರಿಯಾಗಿ ತಿರುಗುತ್ತದೆ. 60 ಹರ್ಟ್ಸಿನಲ್ಲಿ ನಿಮಿಷಕ್ಕೆ 3,600 ಸುತ್ತು ತಿರುಗುವ ಪಂಪು 50 ಹರ್ಟ್ಸಿನಲ್ಲಿ 3,000 ಸುತ್ತಿಗೆ ಇಳಿಯುತ್ತದೆ; ನೀರು ಎತ್ತುವುದೂ ಕಡಿಮೆಯಾಗುತ್ತದೆ, ಸುರುಳಿಯೂ ಹೆಚ್ಚು ಬಿಸಿಯೇರುತ್ತದೆ. ಕೊಲ್ಲಿಯ ನಾಡುಗಳಲ್ಲೂ ಎಲ್ಲ ಕಡೆ ಒಂದೇ ಅಲ್ಲ. ಸೌದಿ ಅರೇಬಿಯಾದಲ್ಲಿ ಇರುವುದು 60 ಹರ್ಟ್ಸ್. ಆದ್ದರಿಂದ ಮಾವನಿಗೆ ಹೇಳಬೇಕಾದ ಮೊದಲ ಮಾತು, ಪೆಟ್ಟಿಗೆಯ ಹಿಂಬದಿಯಲ್ಲಿ ಅಚ್ಚಾದ ವೋಲ್ಟ್ ಮತ್ತು ಹರ್ಟ್ಸ್ ಎರಡನ್ನೂ ಓದಿ ಎಂಬುದು.

ಇನ್ನು ಪ್ಲಗ್ಗು. ದುಬೈ, ಸಿಂಗಾಪುರಗಳಲ್ಲಿ ಚಪ್ಪಟೆ ಕಾಲುಗಳ ಮೂರು ಪಿನ್ನಿನ ಪ್ಲಗ್ಗು. ನಮ್ಮಲ್ಲಿ ದುಂಡು ಕಾಲುಗಳದ್ದು. ಅಂಗಡಿಯಲ್ಲಿ ಸಿಗುವ ಅಗ್ಗದ ಅಡಾಪ್ಟರುಗಳಲ್ಲಿ ಎಷ್ಟೋ ಬಾರಿ ಅರ್ಥಿಂಗ್ ಸಂಪರ್ಕವೇ ಇರುವುದಿಲ್ಲ. ನೀರಿನ ಪಕ್ಕದಲ್ಲಿ ಇಂಥದ್ದು ಕೂಡದು. ಬಲ್ಲ ಎಲೆಕ್ಟ್ರೀಷಿಯನ್ನರಿಂದ ಪ್ಲಗ್ಗನ್ನೇ ಬದಲಾಯಿಸಿಕೊಳ್ಳಿ. ವಯರು ಪ್ಲಗ್ಗಿನ ಬಿಂದುವಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಟ್ಟರೆ, ಅದರ ಮೇಲೆ ಹರಿದು ಬಂದ ನೀರು ಕೆಳಗೇ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಕೈಹಾಕುವ ಮುನ್ನ ಸ್ವಿಚ್ಚು ಆರಿಸುವುದನ್ನು ಮರೆಯಬಾರದು.

ಈಗ, ಏನನ್ನು ತರಬೇಕು, ಏನನ್ನು ತರಬಾರದು ಎಂಬ ಪ್ರಶ್ನೆ. ಗಾಜಿನ ತೊಟ್ಟಿ, ಮರಳು, ಕಲ್ಲು ಇವುಗಳಿಗೆ ವಿಮಾನದ ಭಾರಮಿತಿಯನ್ನು ಖರ್ಚು ಮಾಡುವುದು ವ್ಯರ್ಥ. ಅವು ಊರಲ್ಲೇ ಆಗುತ್ತವೆ. ಹೀಟರು ಚಳಿ ದೇಶದವರಿಗೆ ಬೇಕು. ಉಷ್ಣವಲಯದ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಕರಾವಳಿಯಲ್ಲಿ ನೀರು ತಾನಾಗಿಯೇ ಅಷ್ಟು ಬೆಚ್ಚಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿ ಕಡಿಮೆ ಮಾಡುವುದೇ ನಮ್ಮ ಚಿಂತೆ.

ತರಲು ಯೋಗ್ಯವಾದವು ಹಗುರವಾದ ಸಣ್ಣ ವಸ್ತುಗಳು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಅವುಗಳಲ್ಲೊಂದು. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯೆಲ್ಲ ಕರೆಂಟು ಇಲ್ಲದಾಗ ಮೀನಿನ ಜೀವ ಉಳಿಸುವುದು ಅದೇ. ಇನ್ನೊಂದು, ಗಾಳಿಯ ಕೊಳವೆಗೆ ಸೇರಿಸುವ ಒಮ್ಮುಖ ಕವಾಟ. ಪಂಪು ನಿಂತಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿಯದಂತೆ ಇದು ತಡೆಯುತ್ತದೆ. ಮೂರನೆಯದು ನೀರು ಪರೀಕ್ಷಿಸುವ ಕಿಟ್. ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ ಈ ನಾಲ್ಕನ್ನು ಅಳೆಯುವಂಥದ್ದಾದರೆ ಸಾಕು. ಕೊಳ್ಳುವಾಗ ದ್ರಾವಣದ ಅವಧಿ ಮುಗಿಯುವ ದಿನಾಂಕವನ್ನು ನೋಡಬೇಕು.

ಫಿಲ್ಟರಿನ ಅಳತೆಗೆ ಒಂದು ಲೆಕ್ಕ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿಯಲ್ಲಿ ಸುಮಾರು 65 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರು ಗಂಟೆಗೆ ನಾಲ್ಕೈದು ಸಲ ಫಿಲ್ಟರಿನ ಮೂಲಕ ಹಾದುಹೋಗಬೇಕು. ಅಂದರೆ ಗಂಟೆಗೆ 260ರಿಂದ 325 ಲೀಟರ್. ಸಾವಿರ ಲೀಟರಿನ ಪಂಪು ತಂದರೆ ಸಣ್ಣ ಮೀನುಗಳು ಹೊಳೆಯ ನೆರೆಯಲ್ಲಿ ಸಿಕ್ಕಂತೆ ಬಳಲುತ್ತವೆ.

ಆದರೆ ಎಷ್ಟು ಬೆಲೆಯ ಫಿಲ್ಟರು ತಂದರೂ ಅದು ಮೊದಲ ದಿನ ಬರಿಯ ಪ್ಲಾಸ್ಟಿಕ್ ಪೆಟ್ಟಿಗೆ. ಮೀನಿನ ಮಲದಿಂದ ಹುಟ್ಟುವ ಅಮೋನಿಯ ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ತಾಳ್ಮೆ ಯಾವ ಪೇಟೆಯಲ್ಲೂ ಕ್ರಯಕ್ಕೆ ಸಿಗದು. ನಲ್ಲಿ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಆದುದರಿಂದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ.

ನಮ್ಮ ನೀರಿನ ಗುಣವನ್ನೂ ಅರಿಯಬೇಕು. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅಂದಕ್ಕೆಂದು ಮರುವಾಯಿ ಚಿಪ್ಪನ್ನು ತೊಟ್ಟಿಗೆ ಹಾಕಿದರೆ ಅದರ ಸುಣ್ಣ ನಿಧಾನವಾಗಿ ಕರಗಿ ನೀರು ಗಡುಸಾಗುತ್ತದೆ. ಪರೀಕ್ಷಾ ಕಿಟ್ ಉಪಯೋಗಕ್ಕೆ ಬರುವುದು ಇಂಥ ಕಡೆಯಲ್ಲೇ.

ಕಾನೂನಿನ ಮಾತು. ಸಲಕರಣೆಗಳನ್ನು ರಸೀದಿಯೊಂದಿಗೆ ತರಬಹುದು. ಸುಂಕವಿಲ್ಲದೆ ಎಷ್ಟು ಮೌಲ್ಯದ ಸಾಮಾನು ತರಬಹುದು ಎಂಬ ಮಿತಿ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಪರೀಕ್ಷಾ ದ್ರಾವಣಗಳನ್ನು ಕೈಚೀಲದಲ್ಲಿ ಇಡದೆ, ವಿಮಾನ ಸಂಸ್ಥೆಯನ್ನು ಕೇಳಿಕೊಂಡು ದೊಡ್ಡ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯದು. ಜೀವಂತ ಮೀನು ಮತ್ತು ನೀರಿನ ಗಿಡಗಳನ್ನು ಅನುಮತಿಪತ್ರವಿಲ್ಲದೆ ತರುವಂತಿಲ್ಲ. ಇದು ಬರಿಯ ಕಟ್ಟಳೆಯಲ್ಲ. ಅವುಗಳ ಜೊತೆಗೆ ನಮ್ಮ ನೀರು ಕಾಣದ ರೋಗವೂ ಬರಬಹುದು.

ಇದರಲ್ಲಿ ನಮ್ಮ ಹೊಳೆಗಳ ಪಾಲೂ ಇದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಬದಿಯ ಕಪಿಲಾ ನದಿಯ ಪೆರುವೋಲ್ ಮೀನುಗಳನ್ನು ಜನ ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿ ಅಲ್ಲಿ ಅಸಂಖ್ಯ ಮೀನುಗಳು ಸತ್ತವು. ವಿಷ ಹಾಕಿದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ. ಪರದೇಶಿ ಮೀನು ಬಿಟ್ಟದ್ದು ಕಾಣುವುದಿಲ್ಲ. ಸಾಕಿ ಬೇಸರವಾಯಿತೆಂದು ಕೆಲವರು ತೊಟ್ಟಿಯ ಮೀನನ್ನು ಹೊಳೆಗೋ ಕೆರೆಗೋ ಬಿಡುತ್ತಾರೆ, ಪುಣ್ಯವೆಂದೂ ಭಾವಿಸುತ್ತಾರೆ. ತೊಟ್ಟಿಯ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಭಾರತದ ಹಲವು ಜಲಾಶಯ, ಕೆರೆಗಳನ್ನು ಸೇರಿ ನಾಡಮೀನುಗಳ ಆಹಾರಕ್ಕೆ ಪಾಲುದಾರನಾಗಿದೆ. ಬೆಳ್ತಂಗಡಿಯಲ್ಲಿ ನೇತ್ರಾವತಿಗೆ ಬಿಟ್ಟದ್ದು ಬಂಟ್ವಾಳಕ್ಕೂ ತುಂಬೆಯ ಅಣೆಕಟ್ಟಿಗೂ ಇಳಿಯಲು ತಡವಿಲ್ಲ. ಸಾಕಲಾಗದ ಮೀನನ್ನು ಅಂಗಡಿಗೆ ಹಿಂತಿರುಗಿಸಿ, ಇಲ್ಲವೇ ಸಾಕುವ ಗೆಳೆಯನಿಗೆ ಕೊಡಿ. ಸಂದೇಹವಿದ್ದರೆ 1969ರಿಂದ ಮಂಗಳೂರಿನಲ್ಲಿರುವ ಮೀನುಗಾರಿಕಾ ಕಾಲೇಜಿನಲ್ಲಿ ತಿಳಿದವರನ್ನು ಕೇಳಿ.

ಆದ್ದರಿಂದ ಮಾವನ ಫೋನು ಬರುವ ಮೊದಲೇ ಒಂದು ಚೀಟಿ ಬರೆದಿಡಿ. ತೊಟ್ಟಿಯ ಅಳತೆ, ಗಂಟೆಗೆ ಬೇಕಾದ ಲೀಟರು, 230 ವೋಲ್ಟ್, 50 ಹರ್ಟ್ಸ್ ಇಷ್ಟು ಅದರಲ್ಲಿರಲಿ. ಕೊನೆಯ ಸಾಲಿನಲ್ಲಿ “ಮೀನು ಬೇಡ, ಗಿಡ ಬೇಡ” ಎಂದು ಬರೆಯಿರಿ.