ಮೊದಲ ಮೂರು ತಿಂಗಳ ಮೌನ ಯಾರ ಹಿತಕ್ಕೆ?

(ಜಮಾಅತಿನ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗರ್ಭಿಣಿಯರ ಆರೋಗ್ಯದ ಬಗ್ಗೆ ಮಾತನಾಡುವ ಸಭೆಗೆ ಗಂಡಸರನ್ನೇಕೆ ಕರೆದಿರಿ ಎಂದು ಕೆಲವರು ಸಂಘಟಕರನ್ನು ಕೇಳಿದರಂತೆ. ಇಂದಿನ ವಿಷಯದ ಅರ್ಧ ಉತ್ತರ ಆ ಪ್ರಶ್ನೆಯಲ್ಲೇ ಇದೆ. ಗರ್ಭಿಣಿಯೊಬ್ಬಳು ಯಾವಾಗ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕೆಂಬುದನ್ನು ನಮ್ಮ ಬಹುತೇಕ ಮನೆಗಳಲ್ಲಿ ಆಕೆಯೊಬ್ಬಳೇ ನಿರ್ಧರಿಸುವುದಿಲ್ಲ. ಅತ್ತೆ ಹೇಳಬೇಕು, ಗಂಡ ಒಪ್ಪಬೇಕು, ಜೊತೆಗೆ ಹೋಗಲು ಯಾರಾದರೂ ಬಿಡುವು ಮಾಡಿಕೊಳ್ಳಬೇಕು, ಕೈಯಲ್ಲಿ ಹಣವಿರಬೇಕು. ಇಷ್ಟೆಲ್ಲ ಕೂಡಿಬರುವ ಹೊತ್ತಿಗೆ ನಾಲ್ಕು ಅಥವಾ ಐದು ತಿಂಗಳು ಕಳೆದಿರುತ್ತದೆ. ಹೀಗಿರುವಾಗ ತಡವಾಯಿತೆಂದು ಆಕೆಯೊಬ್ಬಳನ್ನೇ ದೂರುವುದು ನ್ಯಾಯವಲ್ಲ.

ಮೊದಲು ಕೆಲವು ಅಂಕಿ ಅಂಶಗಳನ್ನು ನೋಡೋಣ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮೊದಲ ಮೂರು ತಿಂಗಳೊಳಗೆ ತಪಾಸಣೆಗೆ ಹೋದ ತಾಯಂದಿರು ದೇಶದಲ್ಲಿ ಶೇ. 58.6ರಷ್ಟಿದ್ದರು. 2019-21ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 70ಕ್ಕೆ ಏರಿತು. ಹೆರಿಗೆಯ ಸಂದರ್ಭದ ಸಾವುಗಳೂ ಇಳಿದಿವೆ. 2004-06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ದೇಶದಲ್ಲಿ 254 ತಾಯಂದಿರು ಸಾಯುತ್ತಿದ್ದರೆ 2018-20ರಲ್ಲಿ ಆ ಸಂಖ್ಯೆ 97ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಕರ್ನಾಟಕದಲ್ಲಿ ಅದು 213ರಿಂದ 69ಕ್ಕೆ ಬಂದಿತು. ಇದು ಸಂತೋಷದ ಸಂಗತಿ. ಆದರೆ ಹತ್ತರಲ್ಲಿ ಮೂವರು ತಾಯಂದಿರು ಇನ್ನೂ ಹೊರಗುಳಿದಿದ್ದರು ಎಂಬುದೂ ಅದೇ ಸಮೀಕ್ಷೆಯ ಮಾತು. ಅವರು ಯಾರು, ಅವರೇಕೆ ಬರಲಿಲ್ಲ ಎಂಬುದೇ ಇಂದಿನ ಪ್ರಶ್ನೆ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎಂದು ಹಿರಿಯ ತಾಯಂದಿರು ಕೇಳುತ್ತಾರೆ. ಅವರ ಮಾತನ್ನು ಅಜ್ಞಾನವೆಂದು ತಳ್ಳಿಹಾಕಬೇಕಾಗಿಲ್ಲ. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಗರ್ಭಿಣಿಯರ ತಪಾಸಣೆಗೆ ವೇಳಾಪಟ್ಟಿಯೊಂದನ್ನು ರೂಪಿಸಿದಾಗ ಮೊದಲ ಭೇಟಿಯನ್ನು 16ನೇ ವಾರಕ್ಕೆ ಇಟ್ಟಿತ್ತು. ಅಂದರೆ ನಾಲ್ಕನೇ ತಿಂಗಳಲ್ಲಿ ಆರಂಭಿಸುವುದು ಒಂದು ಕಾಲದಲ್ಲಿ ವೈದ್ಯಶಾಸ್ತ್ರದ್ದೇ ಪದ್ಧತಿಯಾಗಿತ್ತು. ಮುಂದೆ ತಿಳಿವಳಿಕೆ ಬೆಳೆಯಿತು, ಪದ್ಧತಿಯೂ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕನಿಷ್ಠ ಎಂಟು ಭೇಟಿಗಳಾಗಬೇಕು, ಮೊದಲನೆಯದು 12 ವಾರಗಳ ಒಳಗೇ ಆಗಬೇಕು ಎಂದು ಸೂಚಿಸಿತು.

ಈ ಅವಸರವೇಕೆ? ಮಗುವಿನ ಮೆದುಳು ಮತ್ತು ಬೆನ್ನುಹುರಿಗೆ ಮೂಲವಾದ ನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅಗತ್ಯವಾದ ಫೋಲಿಕ್ ಆಮ್ಲವನ್ನು ಐದನೇ ತಿಂಗಳಲ್ಲಿ ಎಷ್ಟು ನುಂಗಿದರೂ ಆ ಕೊರತೆಯನ್ನು ತುಂಬಲಾಗದು. ಎರಡನೆಯದು ರಕ್ತಹೀನತೆ. 2019-21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅದನ್ನು ಸರಿಪಡಿಸಲು ತಿಂಗಳುಗಳೇ ಬೇಕು. ಎಂಟನೇ ತಿಂಗಳಲ್ಲಿ ಪತ್ತೆಯಾದರೆ ಮಾತ್ರೆಗಳಿಗೆ ಸಮಯವೇ ಉಳಿಯುವುದಿಲ್ಲ. ಹೆರಿಗೆಯ ವೇಳೆ ರಕ್ತಸ್ರಾವವಾದಾಗ ರಕ್ತವಂತೆ ತಡೆದುಕೊಳ್ಳಬಲ್ಲ ನಷ್ಟವನ್ನು ರಕ್ತಹೀನೆ ತಡೆದುಕೊಳ್ಳಲಾರಳು. ಮೂರನೆಯದು ರಕ್ತದೊತ್ತಡ. ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರಿಗೆ ವೈದ್ಯರು ಸಲಹೆ ಮಾಡುವ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ 16 ವಾರಗಳೊಳಗೆ ಆರಂಭವಾದರೆ ಮಾತ್ರ ಹೆಚ್ಚು ಫಲ ನೀಡುತ್ತದೆ. ಇನ್ನು ಸಕ್ಕರೆ ಕಾಯಿಲೆ, ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್ ಮುಂತಾದವುಗಳ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಬೇಕಾದದ್ದು. ಹೆರಿಗೆಯ ದಿನಾಂಕವನ್ನು ಸರಿಯಾಗಿ ಲೆಕ್ಕ ಹಾಕಲು ಮೊದಲ ಮೂರು ತಿಂಗಳ ಸ್ಕ್ಯಾನಿಂಗ್‌ನಷ್ಟು ನಂಬಲರ್ಹವಾದುದು ಬೇರೊಂದಿಲ್ಲ.

ಇಷ್ಟು ತಿಳಿದ ಮೇಲೂ ಏಕೆ ತಡವಾಗುತ್ತದೆ?

ಮೊದಲ ಕಾರಣ ಮೌನ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿ ತಾಗುತ್ತದೆ ಎಂಬ ನಂಬಿಕೆ ಜಾತಿ ಮತಗಳ ಭೇದವಿಲ್ಲದೆ ಎಲ್ಲ ಕಡೆಯೂ ಇದೆ. ಇದರ ಹಿಂದೆ ಒಂದು ನೋವೂ ಇದೆ. ತಿಳಿದುಬಂದ ಗರ್ಭಗಳಲ್ಲಿ ನೂರಕ್ಕೆ ಹತ್ತು ಹದಿನೈದು ತಾನಾಗಿಯೇ ನಿಲ್ಲದೆ ಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ. ಸಂಭ್ರಮಿಸಿದ ಮೇಲೆ ಹೀಗಾದರೆ ಜನರ ಮುಂದೆ ಮುಖ ತೋರಿಸುವುದು ಹೇಗೆ ಎಂಬ ಭಯ ಅದು. ನೆರೆಹೊರೆಗೆ ಹೇಳದಿರುವುದು ನಿಮ್ಮ ಇಷ್ಟ. ಆದರೆ ದಾದಿಯಿಂದಲೂ ವೈದ್ಯೆಯಿಂದಲೂ ಮುಚ್ಚಿಡುವುದರಲ್ಲಿ ಯಾವ ರಕ್ಷಣೆಯಿದೆ? ಗರ್ಭ ನಿಲ್ಲದಿದ್ದಾಗ ಸೊಸೆಯ ಮೇಲೆ ಗೂಬೆ ಕೂರಿಸುವ ಚಾಳಿಯನ್ನು ಮನೆಯವರು ಬಿಟ್ಟರೆ ಈ ಮೌನ ತಾನಾಗಿಯೇ ಮುರಿಯುತ್ತದೆ.

ಎರಡನೆಯದು, ಬಸಿರೆಂದು ತಿಳಿಯದೇ ಇರುವುದು. ಮುಟ್ಟು ಕ್ರಮವಾಗಿ ಆಗದವರು, ಎದೆಹಾಲು ಕುಡಿಸುತ್ತಿರುವವರು, ನಲವತ್ತು ದಾಟಿದವರು ತಿಂಗಳು ತಪ್ಪಿದ್ದನ್ನು ಗಮನಿಸುವುದೇ ಇಲ್ಲ. ಮೂತ್ರದಿಂದ ಬಸಿರು ತಿಳಿಯುವ ಕಿಟ್ ಆಶಾ ಕಾರ್ಯಕರ್ತೆಯ ಬಳಿಯೂ ಇರುತ್ತದೆ, ಔಷಧದ ಅಂಗಡಿಯಲ್ಲೂ ಸಿಗುತ್ತದೆ.

ಮೂರನೆಯದು ಅನುಭವದ ಧೈರ್ಯ. "ಮೂರು ಹೆತ್ತಿದ್ದೇನೆ, ನನಗೇನು ಹೊಸತೇ?" ಎಂಬ ಮಾತು. ಚೊಚ್ಚಲಿಗೆ ಓಡೋಡಿ ಹೋದವರು ನಾಲ್ಕನೆಯದಕ್ಕೆ ಆರನೇ ತಿಂಗಳಲ್ಲಿ ಹೋಗುತ್ತಾರೆ. ಆದರೆ ಹೆರಿಗೆಗಳ ಸಂಖ್ಯೆ ಹೆಚ್ಚಿ ಅಂತರ ಕಡಿಮೆಯಾದಷ್ಟೂ ರಕ್ತಹೀನತೆ ಮತ್ತು ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ನಾಲ್ಕನೆಯದು ದಿನಗೂಲಿ. ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ, ಹೊಲಿಗೆ ಹಾಕುವ ಮಹಿಳೆಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತ ದಿನ ಕೂಲಿಯಿಲ್ಲದ ದಿನ. ತಪಾಸಣೆ ಉಚಿತವೆಂದು ಫಲಕದಲ್ಲಿ ಬರೆದಿರಬಹುದು. ಆಟೋ ಬಾಡಿಗೆ ಉಚಿತವಲ್ಲ, ಮನೆಯಲ್ಲಿ ಬಿಟ್ಟುಬಂದ ಮಕ್ಕಳನ್ನು ನೋಡಿಕೊಳ್ಳುವವರೂ ಉಚಿತವಾಗಿ ಸಿಗುವುದಿಲ್ಲ. ಗಂಡ ಕೊಲ್ಲಿ ರಾಷ್ಟ್ರದಲ್ಲಿದ್ದರೆ ಆತನ ಫೋನಿಗಾಗಿ, ಆತ ಕಳುಹಿಸುವ ಹಣಕ್ಕಾಗಿ ಇನ್ನೂ ಕೆಲವು ವಾರಗಳು ಕಾಯಬೇಕು.

ಐದನೆಯದು ಆಸ್ಪತ್ರೆಯಲ್ಲಿ ಸಿಗುವ ಮರ್ಯಾದೆ. "ಎಷ್ಟನೆಯದು? ಮತ್ತೊಂದೇ?" ಎಂದು ಎಲ್ಲರೆದುರು ಕೇಳಿಸಿಕೊಂಡ ಹೆಣ್ಣುಮಗಳು ಮುಂದಿನ ಬಾರಿ ಅನಿವಾರ್ಯವಾಗುವವರೆಗೆ ಆ ಕಡೆ ಸುಳಿಯುವುದಿಲ್ಲ. ಉರ್ದು ಅಥವಾ ಬ್ಯಾರಿ ಮಾತ್ರ ಬಲ್ಲವಳ ಮಾತು ಕೌಂಟರಿನಲ್ಲಿ ಅರ್ಥವಾಗುವುದಿಲ್ಲ. ಬಾಡಿಗೆ ಮನೆ ಬದಲಿಸುತ್ತ ಹೋಗುವವರ ವಿಳಾಸ ದಾಖಲೆಗೆ ಹೊಂದುವುದಿಲ್ಲ. ಹಳ್ಳಿಯಲ್ಲಿ ಆಸ್ಪತ್ರೆ ದೂರವಿದ್ದರೆ, ಪಟ್ಟಣದಲ್ಲಿ ಅದು ಪಕ್ಕದ ಬೀದಿಯಲ್ಲಿದ್ದೂ ದೂರವಾಗುತ್ತದೆ. ಥಡ್ಡಿಯಸ್ ಮತ್ತು ಮೇಯ್ನ್ ಎಂಬ ಸಂಶೋಧಕರು 1994ರಲ್ಲಿ ತಾಯಂದಿರ ಸಾವಿಗೆ ಕಾರಣವಾಗುವ ಮೂರು ವಿಳಂಬಗಳನ್ನು ಗುರುತಿಸಿದರು: ಹೋಗಬೇಕೆಂದು ನಿರ್ಧರಿಸುವಲ್ಲಿನ ವಿಳಂಬ, ತಲುಪುವಲ್ಲಿನ ವಿಳಂಬ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿನ ವಿಳಂಬ. ಅವರು ಮಾತನಾಡಿದ್ದು ಹೆರಿಗೆಯ ತುರ್ತು ಸ್ಥಿತಿಯ ಬಗ್ಗೆಯಾದರೂ ತಪಾಸಣೆಯ ತಡಕ್ಕೂ ಅದು ಒಪ್ಪುತ್ತದೆ. ಮೂರನೆಯ ವಿಳಂಬದ ಕಹಿ ಅನುಭವವೇ ಮುಂದಿನ ಬಾರಿ ಮೊದಲನೆಯ ವಿಳಂಬವಾಗುತ್ತದೆ.

ಆರನೆಯ ಕಾರಣವನ್ನು ಹೇಳಲು ನಾವು ಹಿಂಜರಿಯುತ್ತೇವೆ. ಹದಿನೆಂಟು ತುಂಬದ ಹುಡುಗಿಯರ ಮದುವೆ. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. ಹದಿನೆಂಟರೊಳಗಿನ ಪತ್ನಿಯೊಂದಿಗಿನ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿದೆ. ಪೋಕ್ಸೋ ಕಾಯ್ದೆಯ ಪ್ರಕಾರ ಅಂಥ ಗರ್ಭಿಣಿ ಬಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಈ ಭಯದಿಂದ ಮನೆಯವರು ಹುಡುಗಿಯನ್ನು ಹೆರಿಗೆ ನೋವು ಬರುವವರೆಗೂ ಅಡಗಿಸಿಡುತ್ತಾರೆ. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವಳೇ ಎಲ್ಲರಿಗಿಂತ ತಡವಾಗಿ ವೈದ್ಯರನ್ನು ಕಾಣುತ್ತಾಳೆ. 2023ರ ಫೆಬ್ರವರಿಯಲ್ಲಿ ಅಸ್ಸಾಮಿನಲ್ಲಿ ಬಾಲ್ಯವಿವಾಹದ ಹೆಸರಿನಲ್ಲಿ ಸಾವಿರಾರು ಮಂದಿಯ ಬಂಧನ ನಡೆದಾಗ ಗರ್ಭಿಣಿಯರು ಆಸ್ಪತ್ರೆಗೆ ಹೋಗಲು ಹೆದರಿದ ವರದಿಗಳು ಬಂದವು. ಲಾಠಿಯನ್ನು ಮುಂದಿಟ್ಟುಕೊಂಡು ನಡೆಸುವ ಸುಧಾರಣೆ ಹುಡುಗಿಯನ್ನು ಉಳಿಸುವುದಿಲ್ಲ ಎಂದು ಸರಕಾರಕ್ಕೆ ಹೇಳುವ ಹಕ್ಕು ನಮಗಿದೆ. ಆದರೆ ಆ ಮಾತಿಗೆ ತೂಕ ಬರಬೇಕಾದರೆ ಹದಿನಾರರ ಹುಡುಗಿಯ ನಿಕಾಹ್‌ಗೆ ನಮ್ಮ ಜಮಾಅತಿನ ದಫ್ತರ ತೆರೆಯಬಾರದು.

ಇನ್ನು ಸರಕಾರದ ನೀತಿಯ ಮಾತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಮು ಸರಕಾರಿ ನೌಕರಿಯಂಥ ಕೆಲವು ವರ್ಗಗಳನ್ನು ಬಿಟ್ಟು ಪ್ರತಿಯೊಬ್ಬ ಗರ್ಭಿಣಿ ಮತ್ತು ಬಾಣಂತಿಗೆ ಕನಿಷ್ಠ 6,000 ರೂಪಾಯಿಯ ಹೆರಿಗೆ ಸೌಲಭ್ಯ ಸಲ್ಲಬೇಕೆನ್ನುತ್ತದೆ. ಆದರೆ 2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಮಾತ್ರ 5,000 ರೂಪಾಯಿ ನಿಗದಿಮಾಡಿತು. 2022ರ ಬಳಿಕ ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸೇರಿಸಿತು. ಕಾಯ್ದೆ ಪ್ರತಿಯೊಬ್ಬರಿಗೂ ಎಂದಿದ್ದನ್ನು ಯೋಜನೆ ಕೆಲವರಿಗೆ ಎಂದು ಓದಿಕೊಂಡಿದೆ. ಬೇಗನೆ ನೋಂದಾಯಿಸಿಕೊಂಡವರಿಗೆ ಪ್ರೋತ್ಸಾಹವಾಗಿ ಕೊಡುವ ಈ ಹಣ, ಮೂರನೆಯ ಅಥವಾ ನಾಲ್ಕನೆಯ ಬಾರಿ ಬಸಿರಾದ, ಅಂದರೆ ತಡಮಾಡುವ ಸಾಧ್ಯತೆ ಹೆಚ್ಚಿರುವ ಬಡ ತಾಯಿಗೇ ಇಲ್ಲ. ಶಾಸಕರೂ ಸಂಸದರೂ ಮತ ಕೇಳಲು ಬಂದಾಗ ಈ ಪ್ರಶ್ನೆಯನ್ನು ನಾವು ಕೇಳಬೇಡವೇ? 2016ರಿಂದ ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನವೂ ಮೂರು ತಿಂಗಳು ದಾಟಿದವರಿಗಾಗಿ ರೂಪುಗೊಂಡದ್ದು. ಆದ್ದರಿಂದ ಮೊದಲ ಭೇಟಿಗೆ 9ನೇ ತಾರೀಖಿಗಾಗಿ ಕಾಯಬೇಡಿ.

ಧರ್ಮದ ಹೆಸರಿನಲ್ಲಿ ಕೇಳಿಬರುವ ಎರಡು ಸಂದೇಹಗಳಿಗೆ ಉತ್ತರಿಸುತ್ತೇನೆ. ಗಂಡು ವೈದ್ಯರ ಮುಂದೆ ಹೇಗೆ ಹೋಗುವುದು ಎನ್ನುತ್ತಾರೆ. ಮೊದಲ ಭೇಟಿಯಲ್ಲಿ ತೂಕ, ರಕ್ತದೊತ್ತಡ, ರಕ್ತ ಮತ್ತು ಮೂತ್ರದ ಪರೀಕ್ಷೆಯೇ ಮುಖ್ಯ. ಸಾಮಾನ್ಯವಾಗಿ ಅದನ್ನು ನಡೆಸುವವರು ದಾದಿಯರು. ವೈದ್ಯೆ ಬೇಕೆಂದು ಕೇಳುವುದು ತಪ್ಪಲ್ಲ. ಸಿಗದಿದ್ದಾಗ ಅಗತ್ಯಕ್ಕೆ ಪುರುಷ ವೈದ್ಯರನ್ನು ಕಾಣುವುದಕ್ಕೆ ಫಿಕ್ಹ್ ವಿದ್ವಾಂಸರು ಅನುಮತಿ ನೀಡಿದ್ದಾರೆ. ಇನ್ನೊಂದು ರಮಝಾನ್ ಉಪವಾಸ. ತನಗೆ ಅಥವಾ ಮಗುವಿಗೆ ಹಾನಿಯ ಭಯವಿರುವ ಗರ್ಭಿಣಿಗೆ ರಿಯಾಯಿತಿ ಇದೆ. ಹಾನಿಯ ಭಯ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ವೈದ್ಯರು. ತಪಾಸಣೆಯೇ ಆಗಿರದಿದ್ದರೆ ಆಕೆ ಯಾವ ಆಧಾರದ ಮೇಲೆ ನಿರ್ಧರಿಸಬೇಕು? ತಾಯಿಯು ದೌರ್ಬಲ್ಯದ ಮೇಲೆ ದೌರ್ಬಲ್ಯವನ್ನು ಸಹಿಸಿ ಮಗುವನ್ನು ಹೊರುವುದನ್ನು ಕುರ್‌ಆನ್ ಲುಕ್ಮಾನ್ ಅಧ್ಯಾಯದಲ್ಲಿ ನೆನಪಿಸುತ್ತದೆ. ಆ ದೌರ್ಬಲ್ಯವನ್ನು ಹಂಚಿಕೊಳ್ಳುವುದು ಕುಟುಂಬದ ಕರ್ತವ್ಯವಲ್ಲವೇ?

ಕೊನೆಯದಾಗಿ ಕೆಲವು ಕೆಲಸಗಳನ್ನು ಸೂಚಿಸುತ್ತೇನೆ. ತಿಂಗಳು ತಪ್ಪಿದ ವಾರದಲ್ಲೇ ಪರೀಕ್ಷಿಸಿ; ಬಸಿರೆಂದು ತಿಳಿದ ಕೂಡಲೇ ತಾಯಿ ಕಾರ್ಡ್ ಮಾಡಿಸಿ. ಬಾಣಂತನಕ್ಕೆ ತವರಿಗೆ ಹೋಗುವವರು ಕಾರ್ಡನ್ನು ಜೊತೆಯಲ್ಲಿ ಒಯ್ಯಲಿ. ಗಂಡಂದಿರು ಮೊದಲ ಭೇಟಿಗೆ ಒಂದು ದಿನದ ವ್ಯಾಪಾರ ಬಿಡಲಿ, ದೂರದಲ್ಲಿರುವವರು ಫೋನಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ತಪಾಸಣೆ ಆಯಿತೇ?" ಎಂಬುದಾಗಿರಲಿ. ಅತ್ತೆಯಂದಿರು ಸೊಸೆಯ ಕೈಹಿಡಿದು ಕರೆದೊಯ್ಯಲಿ. ಜಮಾಅತ್ ಸಮಿತಿಗಳು ಓದು ಬಲ್ಲ ಇಬ್ಬರು ಮಹಿಳೆಯರನ್ನು ಆಶಾ ಕಾರ್ಯಕರ್ತೆಯ ಜೊತೆಗೆ ನಿಲ್ಲಿಸಿ, ಭಾಷೆ ಬಾರದವರಿಗೂ ಜೊತೆಗಾರರಿಲ್ಲದವರಿಗೂ ನೆರವಾಗಲಿ. ಆಟೋ ಬಾಡಿಗೆಗೆ ಬೈತುಲ್ ಮಾಲ್‌ನಿಂದ ಸ್ವಲ್ಪ ಹಣ ತೆಗೆದಿಡಲಿ. ಆಸ್ಪತ್ರೆಯಲ್ಲಿ ಅವಮಾನವಾದರೆ ಮನೆಗೆ ಬಂದು ಅಳುವ ಬದಲು ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡುವುದನ್ನು ಕಲಿಯೋಣ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆಯಾಗಲಿ ದೊಡ್ಡ ಕಟ್ಟಡವಾಗಲಿ ಬೇಕಿಲ್ಲ. ಇಂದು ಮನೆಗೆ ಹೋದ ಮೇಲೆ ನಿಮ್ಮ ಕುಟುಂಬದಲ್ಲಿ, ನೆರೆಯಲ್ಲಿ ಬಸಿರಾದವರು ಯಾರಿದ್ದಾರೆ, ಅವರ ಹೆಸರು ದಾಖಲಾಗಿದೆಯೇ ಎಂದು ವಿಚಾರಿಸಿ. ಆಗಿರದಿದ್ದರೆ ನಾಳೆ ಬೆಳಿಗ್ಗೆಯೇ ಜೊತೆಯಲ್ಲಿ ಹೋಗಿ. ಅಲ್ಲಾಹನು ನಮ್ಮ ತಾಯಂದಿರನ್ನೂ ಮಕ್ಕಳನ್ನೂ ಕಾಪಾಡಲಿ.