ಘಟ್ಟದ ದಾರಿಯಲ್ಲಿ ವಿದ್ಯುತ್ ಕಾರು



ಮಲೆನಾಡಿನ ಚಾಲಕರಿಗೆ ಇಂಧನ ಉಳಿತಾಯವೆಂದರೆ ಮೊದಲು ನೆನಪಾಗುವುದು ಘಟ್ಟದ ಇಳಿಜಾರು. ಆಗುಂಬೆಯಾಗಲಿ, ದೇವಿಮನೆಯಾಗಲಿ, ಇಳಿಜಾರು ಆರಂಭವಾದೊಡನೆ ಗೇರನ್ನು ನ್ಯೂಟ್ರಲ್‌ಗೆ ತಂದು ವಾಹನವನ್ನು ಉರುಳಲು ಬಿಡುವುದು ಹಲವರ ರೂಢಿ. ಕಾರ್ಬ್ಯುರೇಟರ್ ಎಂಜಿನ್‌ಗಳ ಕಾಲದಲ್ಲಿ ಅದರಿಂದ ತುಸು ಪೆಟ್ರೋಲ್ ಉಳಿಯುತ್ತಿದ್ದುದು ನಿಜ. ಬ್ರೇಕು ಕಾದು ಹಿಡಿತ ತಪ್ಪುವ ಅಪಾಯವೂ ಅಷ್ಟೇ ನಿಜ. ಇಂದಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನದ ಹರಿವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ತಂದರೆ ಎಂಜಿನ್ ಆರದಿರಲು ಇಂಧನ ಬೇಕೇ ಬೇಕು. ಲಾಭ ಹೋಗಿ ಅಪಾಯವೊಂದೇ ಉಳಿದ ಈ ರೂಢಿಯನ್ನು ಜನರು ಇನ್ನೂ ಬಿಟ್ಟಿಲ್ಲ.

ವಿದ್ಯುತ್ ಕಾರಿನಲ್ಲಿ ಇಳಿಜಾರೇ ಗಳಿಕೆಯ ದಾರಿ. ಆಕ್ಸಿಲರೇಟರಿನಿಂದ ಕಾಲನ್ನು ಸಡಿಲಿಸಿದೊಡನೆ ಚಕ್ರಗಳು ಮೋಟಾರನ್ನು ತಿರುಗಿಸುತ್ತವೆ. ಮೋಟಾರು ಜನರೇಟರಾಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ ರೇವಾ ಕಾರಿನಲ್ಲಿಯೂ ಈ ವ್ಯವಸ್ಥೆಯಿತ್ತು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 1,500 ಕಿಲೋಗ್ರಾಂ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2 ಯೂನಿಟ್. ಗಾಳಿಯ ತಡೆ, ಟಯರಿನ ಘರ್ಷಣೆ, ಬ್ಯಾಟರಿಯ ನಷ್ಟಗಳನ್ನು ಕಳೆದು ಉಳಿದುದಷ್ಟೇ ಕೈಗೆ ದಕ್ಕುತ್ತದೆ. ಹತ್ತುವಾಗ ಖರ್ಚಾದುದೆಲ್ಲ ಇಳಿಯುವಾಗ ಮರಳಿತೆಂದು ತಿಳಿಯಬಾರದು.

ತೋಟದಲ್ಲಿ ಇಂಗುಗುಂಡಿ ತೆಗೆದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಹರಿದುಹೋಗುವ ನೀರನ್ನು ಗುಂಡಿ ಹಿಡಿದಿಡುತ್ತದೆ. ಆದರೆ ತುಂಬಿದ ಗುಂಡಿ ಮತ್ತೆ ನೀರು ಹಿಡಿಯದು. ಪೂರ್ತಿ ತುಂಬಿದ ಬ್ಯಾಟರಿಯೂ ಹಾಗೆಯೇ. ಪೆಟ್ರೋಲ್ ಕಾರಿನವರು ಪ್ರಯಾಣಕ್ಕೆ ಮುನ್ನ ಟ್ಯಾಂಕನ್ನು ತುಂಬಿಸಿಕೊಳ್ಳುತ್ತಾರೆ. ಘಟ್ಟದ ಮೇಲಿನ ಮನೆಯಿಂದ ಕರಾವಳಿಗೆ ಇಳಿಯುವ ವಿದ್ಯುತ್ ಕಾರಿಗೆ ಈ ಅಭ್ಯಾಸ ಹೊಂದದು. ಬ್ಯಾಟರಿಯಲ್ಲಿ ತುಸು ಜಾಗ ಬಿಡಬೇಕು. ಇಲ್ಲವಾದರೆ ಮರುಗಳಿಕೆ ತಗ್ಗುವುದಲ್ಲದೆ, ಮೋಟಾರಿನ ತಡೆಯೂ ಕಡಿಮೆಯಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ಮಾತು: ಬಳಕೆ ಕಡಿಮೆಯಾದ ಬ್ರೇಕಿನ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಆದುದರಿಂದ ಆಗಾಗ ಅದನ್ನು ಒತ್ತಿ ಬಳಸುತ್ತಿರಬೇಕು.

ಸಮತಟ್ಟಾದ ರಸ್ತೆಯಲ್ಲಿ ಹಳೆಯ ವಿವೇಕವೇ ಸಾಕು. ಮುಂದಿನ ತಿರುವನ್ನು ದೂರದಿಂದಲೇ ಗಮನಿಸಿ ಮೆಲ್ಲನೆ ವೇಗ ಇಳಿಸುವವರು ಇಲ್ಲಿಯೂ ಗೆಲ್ಲುತ್ತಾರೆ. ಹೇಗೂ ವಿದ್ಯುತ್ ಮರಳುತ್ತದೆಂದು ರಭಸದಿಂದ ಓಡಿಸಿ ಥಟ್ಟನೆ ನಿಧಾನಿಸುವವರು ಪ್ರತಿ ಸಲವೂ ಒಂದಿಷ್ಟು ಕಳೆದುಕೊಳ್ಳುತ್ತಾರೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 60ರ ವೇಗ 80ಕ್ಕೇರಿದರೆ ಅದು ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚುತ್ತದೆ. ಚಳಿಗಾಲದ ಮಂಜಿನ ಮುಂಜಾವಿನಲ್ಲಿ ಪೆಟ್ರೋಲ್ ಕಾರು ಎಂಜಿನ್ನಿನ ವ್ಯರ್ಥ ಶಾಖದಿಂದಲೇ ಒಳಭಾಗವನ್ನು ಬೆಚ್ಚಗಾಗಿಸುತ್ತದೆ. ವಿದ್ಯುತ್ ಕಾರು ಅದಕ್ಕೂ ಬ್ಯಾಟರಿಯನ್ನೇ ಬಳಸಬೇಕು.

ಆದರೆ ಊರವರು ಎಚ್ಚರದಿಂದ ಕಾಯಬೇಕಾದ ರೂಢಿ ಬೇರೊಂದಿದೆ. ಅಡಿಕೆ ಸೊಸೈಟಿ, ಬ್ಯಾಂಕು, ಔಷಧಿ ಅಂಗಡಿ, ಹಿಂಡಿ ಚೀಲ ಎಲ್ಲವನ್ನೂ ಒಂದೇ ಪೇಟೆ ಸುತ್ತಿನಲ್ಲಿ ಮುಗಿಸುವುದು, ಹೋಗುವಾಗ ನೆರೆಮನೆಯವರನ್ನು ಕರೆದೊಯ್ಯುವುದು, ಇವು ಪೆಟ್ರೋಲಿನ ಬೆಲೆ ಕಲಿಸಿದ ಪಾಠಗಳು. ಕಿಲೋಮೀಟರಿನ ಖರ್ಚು ಇಳಿದೊಡನೆ ಒಂದು ಕಟ್ಟು ಕೊತ್ತಂಬರಿಗೂ ಕಾರು ಹೊರಡುತ್ತದೆ. ಉತ್ತಮ ಯಂತ್ರಗಳು ಬಂದಂತೆಲ್ಲ ಕಲ್ಲಿದ್ದಲಿನ ಬಳಕೆ ತಗ್ಗುವ ಬದಲು ಏರುತ್ತದೆಂದು ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಷ್ಟು ಹಿಂದೆಯೇ ಬರೆದಿದ್ದನು.

ವಿದ್ಯುತ್ ಅಗ್ಗವಾಗಿ ಕಾಣುವುದು ಬಿಲ್ಲಿನಲ್ಲಿ ಮಾತ್ರ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶರಾವತಿ ಕೊಳ್ಳದ ಊರು, ತೋಟ, ಕಾಡುಗಳು ಮುಳುಗಿದವು. ಅಲ್ಲಿಂದ ಎದ್ದುಬಂದವರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. ರಾಯಚೂರಿನ ಸ್ಥಾವರದಲ್ಲಿ ಉರಿಯುವುದು ಕಲ್ಲಿದ್ದಲು. ಚಾವಣಿಯಲ್ಲಿ ಸೌರಫಲಕವುಳ್ಳವರು ಬೇಸಿಗೆಯ ನಡುಹಗಲಿನಲ್ಲಿ ಕಾರನ್ನು ಚಾರ್ಜ್ ಮಾಡಿಕೊಂಡರೆ ಈ ಎರಡರ ಹಂಗೂ ಅಷ್ಟು ತಗ್ಗುತ್ತದೆ. ಆಷಾಢದ ಮಳೆಯಲ್ಲಿ ಮಾತ್ರ ಆ ಫಲಕಗಳಿಂದ ಹೆಚ್ಚೇನೂ ದೊರೆಯದು. ಆಗ ಪೇಟೆಗೆ ಹೋಗುವ ನಾಲ್ಕು ಮನೆಯವರು ಒಂದೇ ಕಾರಿನಲ್ಲಿ ಕುಳಿತುಕೊಳ್ಳುವುದೇ ಸರಿ.