ಬೆಳವಣಿಗೆಯ ಪಟ್ಟಿಯಲ್ಲಿ ಮೇಲಣ ಗೆರೆ
(ಕಿರಿಯ ತರಗತಿಗಳ ಕನ್ನಡ ಅಧ್ಯಾಪಕರ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಗುಂಡುಗುಂಡಾದ ಮಗುವನ್ನು ಕಂಡರೆ ನಮಗೆಲ್ಲ ಸಂತೋಷ. ಹಸಿವಿನ ದಿನಗಳನ್ನು ಕಂಡ ಹಿರಿಯರು ಮೈದುಂಬಿದ ಮಗುವನ್ನು ಮನೆಯ ಭಾಗ್ಯವೆಂದು ಬಗೆದದ್ದು ಸಹಜ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕದವರ ಪ್ರಮಾಣ 2015-16ರಲ್ಲಿ ಶೇ. 2.1 ಇದ್ದುದು 2019-21ರಲ್ಲಿ ಶೇ. 3.4ಕ್ಕೆ ಏರಿದೆ. ಅಪೌಷ್ಟಿಕತೆಯ ಸಮಸ್ಯೆ ಇದಕ್ಕಿಂತ ಬಹಳ ದೊಡ್ಡದು, ನಿಜ. ಅದರ ಮಗ್ಗುಲಲ್ಲಿಯೇ ಇದೂ ಬೆಳೆಯುತ್ತಿದೆ.

ಅಂಗನವಾಡಿಯಲ್ಲಿ ಮಗುವನ್ನು ತೂಗಿದಾಗ, ತೂಕವು ಕೆಳಗಿನ ಗೆರೆಯಿಂದ ಇಳಿದರೆ ನಾವು ಎಚ್ಚರಗೊಳ್ಳುತ್ತೇವೆ; ಮೇಲೇರಿದರೆ ಸುಮ್ಮನಿರುತ್ತೇವೆ. ತೂಕವೊಂದರಿಂದಲೇ ನಿರ್ಣಯಿಸಲಾಗದು, ಅದನ್ನು ಎತ್ತರದೊಡನೆ ಹೋಲಿಸಬೇಕು. ಈ ಹೋಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡಗಳಿವೆ. ನಿರ್ಣಯವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದು, ನಮ್ಮದಲ್ಲ. ಲಸಿಕೆಗೋ ಜ್ವರಕ್ಕೋ ಮಗು ಅಲ್ಲಿಗೆ ಹೋದಾಗಲೆಲ್ಲ ಎತ್ತರ, ತೂಕ ಎರಡನ್ನೂ ಅಳೆಯಿಸಿದರೆ ಏರಿಕೆ ಬೇಗನೆ ತಿಳಿಯುತ್ತದೆ.

ಹಾಗಾದರೆ ನಮ್ಮ ಪಾತ್ರವೇನು? ಕಾಸರಗೋಡಿನಂತಹ ಗಡಿನಾಡಿನಲ್ಲಿ ಕನ್ನಡವನ್ನಷ್ಟೇ ಓದಬಲ್ಲ ತಾಯಿಯ ಕೈಗೆ ಮಲಯಾಳದ ಕಾರ್ಡು ಬಂದರೆ, ಅದು ಮುಂದಿನ ಲಸಿಕೆಯವರೆಗೆ ಪೆಟ್ಟಿಗೆಯಲ್ಲಿಯೇ ಉಳಿದೀತು. ಗೆರೆಗೆ ಭಾಷೆಯಿಲ್ಲ, ಅದರ ಅರ್ಥವನ್ನು ತಿಳಿಸಲು ಭಾಷೆ ಬೇಕು. ರಕ್ಷಕರ ಸಭೆಯಲ್ಲಿ ಆ ಕಾರ್ಡನ್ನು ಬಿಡಿಸಿ ಕನ್ನಡದಲ್ಲಿ ಓದಿ ಹೇಳುವುದು ನಮ್ಮಿಂದಾಗುವ ಕೆಲಸ.

ಹೇಳಬೇಕಾದುದೂ ಬಹಳವಿಲ್ಲ. ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನೊಡನೆ ಗಂಜಿ, ಹೆಸರುಕಾಳು, ಸೊಪ್ಪು, ಮೊಟ್ಟೆ, ಮೀನು ಮುಂತಾದ ಮನೆಯ ಆಹಾರ. ಅಳು ನಿಲ್ಲಿಸಲು ಬೇಕರಿ ತಿಂಡಿ, ಸಿಹಿ ಪಾನೀಯ ಬೇಡ. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ ಮೂರು ಗಂಟೆ ಓಡಾಟ, ಆಟ, 10ರಿಂದ 13 ಗಂಟೆ ನಿದ್ರೆ, ಟಿ.ವಿ., ಮೊಬೈಲು ಒಂದು ಗಂಟೆಯನ್ನು ಮೀರದಿರಲಿ. ಇವು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಗಳು.

ಎರಡು ಎಚ್ಚರಿಕೆಗಳು. ತೂಕ ಹೆಚ್ಚಿತೆಂದು ಮಗುವನ್ನು ಉಪವಾಸ ಕೆಡವಬಾರದು. ಎಳೆಯ ಮಗು ಎತ್ತರ ಬೆಳೆದಂತೆ ತೂಕ ಹೊಂದಿಕೊಳ್ಳುವುದುಂಟು. ಎರಡನೆಯದು, ತರಗತಿಯಲ್ಲಿ ಯಾವ ಮಗುವನ್ನೂ ‘ಡುಮ್ಮ’ ಎಂದು ಕರೆಯಬಾರದು, ಕರೆಯಲು ಬಿಡಲೂಬಾರದು. ನಾಚಿಕೆಗೊಂಡ ಮಗು ಆಟದ ಬಯಲಿನಿಂದಲೇ ದೂರ ಸರಿಯುತ್ತದೆ. ಆ ಮಗುವಿಗೆ ಬೇಕಾದ ಮದ್ದಾದರೋ ಆ ಬಯಲಿನಲ್ಲಿಯೇ ಇದೆ.